ಅತ್ತಿಮರಕ್ಕೆ ಕಸಿ ಕಟ್ಟಿದ್ದು

ಚಾಮರಾಜಪುರಂನ ಬಾಡಿಗೆ ಮನೆ ಬಿಟ್ಟು ದಟ್ಟಗಳ್ಳಿಗೆ ಬರುವಾಗ, ಹಿತ್ತಲ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದ ಅತ್ತಿ ಸಸಿಯೊಂದನ್ನು ಕಿತ್ತು ತಂದಿದ್ದೆ. ಟೆರೇಸಿನ ಮೇಲೆ ಅಗಲವಾದ ತಗ್ಗು ಕುಂಡದಲ್ಲಿಟ್ಟು, ಬೇರು ಕತ್ತರಿಸುತ್ತ, ಕೊಂಬೆ ಸವರುತ್ತ ಅದನ್ನು ಬೋನ್ಸಾಯ್ ಮಾಡಿದೆ. ಈಗಲೂ ಅದು ನನ್ನ ಮೊಣಕಾಲೆತ್ತರ ದಾಟಿಲ್ಲ. ಕಾಂಡ ಮಾತ್ರ ದೊಡ್ಡ ಮರದ ಹಾಗೆ ಗಂಟುಗಂಟಾಗಿದೆ.

ನಮ್ಮ ಅತ್ತೆಗೆ ಇದು ಮೊದಲಿನಿಂದಲೂ ಸರಿಬಂದಿರಲಿಲ್ಲ. ಅವರು ನಂಜನಗೂಡು ಕಡೆಯ ಬೇಸಾಯದ ಮನೆಯವರು. "ದತ್ತಾತ್ರೇಯನ ಮರ ಕಣಮ್ಮ ಅದು. ಎಂಗೆ ಬೆಳೀಬೇಕೋ ಅಂಗೇ ಬೆಳೀಲಿ ಬುಡು," ಎನ್ನುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಆದರೂ ದಿನಾ ಅದಕ್ಕೆ ನೀರು ಹಾಕುತ್ತಿದ್ದವರು ಅವರೇ. ಒಂದು ಬೆಳಗ್ಗೆ ಬಟ್ಟೆ ಒಣಹಾಕಲು ಹೋದರೆ, ಕುಂಡದ ಮುಂದೆ ಕೈಮುಗಿದು ನಿಂತಿದ್ದರು.

"ತಪ್ಪಾಯ್ತು ಕಣಪ್ಪ. ನಮ್ಮುಡ್ಗಿ ತಿಳೀದೆ ಮಾಡ್ತಾವ್ಳೆ. ಮನಸಿನಾಗೆ ಇಟ್ಕೋಬೇಡ."

ನಾನು ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡು ಮೆಟ್ಟಿಲ ಮೇಲೆಯೇ ನಿಂತುಬಿಟ್ಟೆ. ಬೈದಿದ್ದರೆ ವಾದ ಮಾಡಬಹುದಿತ್ತು. ನನ್ನ ಪರವಾಗಿ ಕ್ಷಮೆ ಕೇಳುವವರ ಜೊತೆ ಏನು ವಾದ?

ಆ ಬೇಸಿಗೆಯಲ್ಲಿ ಒಂದು ಕೊಂಬೆ ಒಣಗಿತು. ಬಗ್ಗಿಸಲೆಂದು ಸುತ್ತಿದ್ದ ತಂತಿಯನ್ನು ಬಿಚ್ಚಲು ನಾನು ಮರೆತಿದ್ದೆ. ಅದು ತೊಗಟೆಯೊಳಗೆ ಹೂತುಹೋಗಿತ್ತು. ಮರದ ಒಂದು ಮಗ್ಗುಲು ಬೋಳಾಯಿತು. ಅತ್ತೆ ಎಂದಿನಂತೆ ನೀರು ಹಾಕಿದರು.

ಬೋಳಾದ ಕಡೆಗೆ ಕಸಿ ಕಟ್ಟಬಹುದಿತ್ತು. ಅದೇ ಮರದ ಉದ್ದನೆಯ ಎಳೆ ಟಿಸಿಲೊಂದನ್ನು ಆ ಕಡೆಗೆ ಬಗ್ಗಿಸಿ ತಂದು, ಅದರ ಮೈಯನ್ನೂ ಕಾಂಡವನ್ನೂ ತುಸು ಕೆತ್ತಿ, ಗಾಯಕ್ಕೆ ಗಾಯ ತಾಗಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಬೇಕು. ಎರಡೂ ಕೂಡಿಕೊಂಡ ಮೇಲೆ ಟಿಸಿಲನ್ನು ಅದರ ಹಳೆಯ ಬುಡದಿಂದ ಕತ್ತರಿಸಿದರೆ, ಹೊಸ ಜಾಗದಲ್ಲಿ ಕೊಂಬೆಯಾಗಿ ಉಳಿಯುತ್ತದೆ. ಹಾಗೇ ಕಟ್ಟಿದೆ.

ಮಳೆ ಹಿಡಿದ ಮೇಲೆ ಒಂದು ದಿನ ನೋಡಿದರೆ ಪಟ್ಟಿ ಬಿಚ್ಚಿಕೊಂಡಿದೆ, ಟಿಸಿಲು ಕಿತ್ತು ಬಂದಿದೆ, ಬಿಳಿ ಹಾಲು ಕಾಂಡದುದ್ದಕ್ಕೂ ಇಳಿದಿದೆ. ಅತ್ತೆ ಪಕ್ಕದಲ್ಲೇ ಕುಳಿತಿದ್ದರು.

"ನಾನೇ ಬಿಚ್ಬುಟ್ಟೆ ಕಣಮ್ಮ. ಉಸಿರು ಕಟ್ದಂಗೆ ಕಾಣ್ತಿತ್ತು. ಬಿಚ್ತಿದ್ದಂಗೇ ಸುರೀತು ನೋಡು... ಕೂಡ್ಕೊಂಡಿತ್ತೇನೋ?"

ಅರ್ಧ ಕೂಡಿಕೊಂಡಿತ್ತು. "ಇಲ್ಲ ಅತ್ತೆ, ಹೇಗೂ ಅದು ಹಿಡೀತಿರ್ಲಿಲ್ಲ," ಎಂದೆ. ಅವರು ನಂಬಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮರಕ್ಕೆ ಮೊದಲು ಚಾಕು ಹಾಕಿದವಳು ನಾನು. ತಟ್ಟೆಯ ಮುಂದೆ ಕೂತು ಸಾರನ್ನ ಉಂಡವಳೂ ನಾನೇ.

ಕೆಲವು ದಿನ ಕಳೆದ ಮೇಲೆ ಅವರೇ ಬಂದು, "ಇನ್ನೊಂದ್ಸಾರಿ ಕಟ್ಟು. ನಾನು ಇಡ್ಕೋತೀನಿ," ಎಂದರು. ಟಿಸಿಲನ್ನು ಅಲುಗದ ಹಾಗೆ ಒತ್ತಿ ಹಿಡಿದರು. ನಾನು ಪಟ್ಟಿ ಸುತ್ತಿದೆ. ಅಂಟು ಹಾಲು ಅವರ ಸೀರೆಗೂ ಆಯಿತು.

ಈ ಸಲ ಹಿಡಿಯಿತು. ದೀಪಾವಳಿ ಹೊತ್ತಿಗೆ ಕಟ್ಟಿನ ಆಚೆಯ ಭಾಗ ದಪ್ಪವಾಗಿತ್ತು. ಇನ್ನು ಹಳೆಯ ಬುಡದಿಂದ ಕತ್ತರಿಸುವುದೊಂದೇ ಬಾಕಿ. ಅದನ್ನು ಅವರಿಂದ ನೋಡಲಾಗದು ಎಂದು ನಾನೇ ತೀರ್ಮಾನಿಸಿದೆ. ಜಯಲಕ್ಷ್ಮಿಪುರಂನ ಮಗಳ ಮನೆಗೆ ಅವರು ಹೋದಾಗ ಕತ್ತರಿಸಿದೆ. ಎಲೆ ಬಾಡಲಿಲ್ಲ. ಕೊಂಬೆ ನಿಂತಿತು. ಒಳ್ಳೆಯದನ್ನೇ ಮಾಡಿದೆ ಅಂದುಕೊಂಡಿದ್ದೆ.

ವಾಪಸ್ಸು ಬಂದವರು ಬ್ಯಾಗ್ ಇಟ್ಟು ನೆಟ್ಟಗೆ ಟೆರೇಸಿಗೆ ಹೋದರು. ನಾನೂ ಹಿಂದೆ ಹೋದೆ.

"ಯಾವಾಗ ಕತ್ತರಿಸ್ದೆ?"

"ನೀವು ಹೋದ ಮಾರನೇ ದಿನ. ನಿಮಗೆ ನೋಡೋಕಾಗಲ್ಲ ಅಂತ..."

"ಇಡ್ಕೊಂಡಿದ್ದೋಳು ನಾನಲ್ವೇನಮ್ಮ? ಒಂದ್ಮಾತು ಯೋಳ್ಬಾರ್ದಿತ್ತಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ ಕೊಂಬೆಯ ಎಲೆಯೊಂದನ್ನು ಮುಟ್ಟಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದರು.

ಈಗ ಆ ಕೊಂಬೆ ಚೆನ್ನಾಗಿ ಚಿಗುರಿದೆ, ತುದಿ ಸವರಬೇಕು. ನಿನ್ನೆ ಕತ್ತರಿ ಹಿಡಿದು ಅತ್ತೆಯ ಕೋಣೆಯ ಬಾಗಿಲವರೆಗೆ ಹೋದೆ. ಟಿ.ವಿ. ನೋಡುತ್ತಿದ್ದರು. "ಬನ್ನಿ ಅತ್ತೆ" ಎನ್ನಲಾಗದೆ, ಕೊಂಬೆಯನ್ನೂ ಸವರದೆ, ಕತ್ತರಿಯನ್ನು ವಾಪಸ್ಸು ಎತ್ತಿಟ್ಟೆ.