ಹಲಗೆಯ ಹಿಂದೆ ಕೂತ ಅತ್ತಿ

ಹೋದ ತಿಂಗಳು ನಮ್ಮ ಎದುರು ಮನೆಯವರು ಹಳೆಯ ಬಾಗಿಲು ಕಿತ್ತು ಹೊಸದು ಕೂಡಿಸಿದರು. ಕಿತ್ತ ಬಾಗಿಲನ್ನು ಬಡಿಗರು ರಸ್ತೆಯ ಮೇಲೇ ಇಟ್ಟು ಕೊಯ್ಯತೊಡಗಿದಾಗ ಸಾಗವಾನಿಯ ಪುಡಿ ಹಾರಿ ನಮ್ಮ ಕಟ್ಟೆಯ ತನಕ ಬಂತು. ಹಳೆಯ ಸಾಗವಾನಿಗೆ ಅದರದೇ ಒಂದು ವಾಸನೆ ಇರುತ್ತದೆ. ಸ್ವಲ್ಪ ಎಣ್ಣೆ, ಸ್ವಲ್ಪ ತೊಗಲು, ಬಹಳ ದಿನ ಮುಚ್ಚಿಟ್ಟ ಕೋಣೆ… ಓದುತ್ತಿದ್ದ ಪೇಪರು ಮಡಚಿಟ್ಟೆ. ಗದಗಿನ ಆ ಮನೆ, ಆ ಮನೆಯ ಅತ್ತಿ, ಅವರ ಹಲಗೆಯನ್ನು ನಾನು ಎರಡು ತುಂಡು ಮಾಡಿಸಿದ ಬೆಳಗು ನೆನಪಾದವು.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಕೊರ್ಲಹಳ್ಳಿಯವನು. ಗದಗಿನ ಒಂದು ಕಚೇರಿಯಲ್ಲಿ ಕಾರಕೂನನಾಗಿ ಸೇರಿ, ನಿವೃತ್ತ ಮಾಸ್ತರರೊಬ್ಬರ ವಾಡೆಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ಕಚೇರಿಯ ಕೆಲಸಕ್ಕೆ ಅರ್ಧ ತಲೆ ಸಾಕಾಗುತ್ತಿತ್ತು. ಉಳಿದರ್ಧ ರೇಡಿಯೋ, ವೈರು, ಬೆಸುಗೆ ಇವುಗಳಲ್ಲಿ ಮುಳುಗಿರುತ್ತಿತ್ತು. ಓಣಿಯ ಯಾರ ಮನೆಯ ರೇಡಿಯೋ ಗೊರಗೊರ ಅಂದರೂ ನನ್ನ ಕೋಣೆಗೆ ಬರುತ್ತಿತ್ತು. ರಿಪೇರಿ ಆಗದೆ ಹೋದದ್ದೂ ಉಂಟು, ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಅತ್ತಿ ಅಂದರೆ ಮಾಸ್ತರರ ಅಕ್ಕ. ಮಾಸ್ತರರ ಮಕ್ಕಳಿಗೆ ಸೋದರತ್ತೆ, ಆದ್ದರಿಂದ ಇಡೀ ವಾಡೆಗೆ ಅತ್ತಿ. ಲಕ್ಷ್ಮೇಶ್ವರಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಮತ್ತು ಒಂದು ಜೋಕಾಲಿಯ ಹಲಗೆ ತೆಗೆದುಕೊಂಡು ತವರಿಗೆ ಬಂದಿದ್ದರು. ಜೋಕಾಲಿಯ ಸರಪಳಿಗಳನ್ನು ಅಲ್ಲಿಯವರು ಕೊಡಲಿಲ್ಲವಂತೆ. ಈ ಮನೆಯ ತೊಲೆಗೆ ಕೊಂಡಿಗಳೂ ಇರಲಿಲ್ಲ. ಹೀಗಾಗಿ ಅಷ್ಟು ಅಗಲದ, ಉದ್ದದ, ನುಣ್ಣಗಿನ ಸಾಗವಾನಿ ಹಲಗೆ ನಡುಮನೆಯ ಮೂಲೆಯಲ್ಲಿ ಕೌದಿಗಳ ಕೆಳಗೆ ಬಿದ್ದುಕೊಂಡಿತ್ತು.

ಮಾಸ್ತರರಿಗೆ ಸಂಗೀತದ ಹುಚ್ಚು. ಪ್ರತಿ ರವಿವಾರ ಬೆಳಿಗ್ಗೆ ಪಡಸಾಲೆಯಲ್ಲಿ ನಾಲ್ಕೈದು ಮಂದಿ ಸೇರುತ್ತಿದ್ದರು. ಮಾಸ್ತರರ ರೆಕಾರ್ಡ್ ಪ್ಲೇಯರಿನಲ್ಲಿ ಖ್ಯಾಲು, ಠುಮ್ರಿ. ಅರಿವೆ ಅಂಗಡಿಯ ಸಾವಕಾರರು ಗೋಡೆಗೆ ಒರಗಿ ಕೂತು ಕಣ್ಣು ಮುಚ್ಚುತ್ತಿದ್ದರು, ಕೇಳುತ್ತಿದ್ದರೋ ಮಲಗಿರುತ್ತಿದ್ದರೋ ಹೇಳುವುದು ಕಷ್ಟ. ಆದರೆ ಮಾಸ್ತರರು ‘ವ್ಹಾ’ ಅಂದ ಕೂಡಲೇ ಅವರೂ ‘ವ್ಹಾ’ ಅನ್ನುತ್ತಿದ್ದರು. ಉಳಿದವರೂ ಅಷ್ಟೇ. ಬೈಠಕ್ ನಡೆದಾಗ ಆ ಮನೆಯ ಹೆಂಗಸರು ಪಡಸಾಲೆಗೆ ಬರುವ ರೂಢಿ ಇರಲಿಲ್ಲ. ಚಹಾದ ತಾಟು ಬಾಗಿಲ ತನಕ ಬರುತ್ತಿತ್ತು, ಅಲ್ಲಿಂದ ನಾನು ಇಸಿದುಕೊಳ್ಳುತ್ತಿದ್ದೆ.

ಇದೇ ಮಾಸ್ತರರು ಒಮ್ಮೆ ನಗುತ್ತ ಹೇಳಿದ್ದರು. ಸಣ್ಣವರಿದ್ದಾಗ ಅವರಿಗೆ ಹಾಡು ಕಲಿಸಲು ಗವಾಯಿಗಳೊಬ್ಬರು ಮನೆಗೆ ಬರುತ್ತಿದ್ದರಂತೆ. ಇವರಿಗೆ ಹತ್ತಲಿಲ್ಲ, ಪಕ್ಕದಲ್ಲಿ ಕೂತ ಅಕ್ಕನಿಗೆ ಹತ್ತಿತು. ಗವಾಯಿಗಳು ಕೊನೆಗೆ ಅಕ್ಕನಿಗೇ ಪಾಠ ಹೇಳತೊಡಗಿದರಂತೆ. ಲಗ್ನ ಆಯಿತು, ಗಂಡನ ಮನೆಯವರಿಗೆ ಅದು ಸೇರಲಿಲ್ಲ, ಅಲ್ಲಿಗೆ ಹಾಡು ನಿಂತಿತು. ‘ಆತು, ಹಳೀ ಮಾತು’ ಎಂದು ಮಾಸ್ತರರು ಎಲೆ-ಅಡಕೆ ತೆಗೆದುಕೊಂಡರು.

ಆ ಪ್ಲೇಯರಿನ ಮುಚ್ಚಳದಲ್ಲೇ ಒಂದು ಸಣ್ಣ ಸ್ಪೀಕರು ಇತ್ತು. ತಗಡಿನ ಡಬ್ಬಿಯೊಳಗೆ ಯಾರೋ ಹಾಡಿದ ಹಾಗೆ ಕೇಳುತ್ತಿತ್ತು. ‘ಇದಕ್ಕ ಏನರ ಮಾಡ್ರಿ’ ಎಂದು ಮಾಸ್ತರರು ನನಗೆ ಹೇಳಿದರು. ನನಗೆ ಅಷ್ಟೇ ಬೇಕಾಗಿತ್ತು. ಹುಬ್ಬಳ್ಳಿಗೆ ಹೋಗಿ, ಒಡೆದುಹಾಕಿದ ವಾಲ್ವ್ ರೇಡಿಯೋಗಳಿಂದ ಕಿತ್ತ ಎರಡು ದೊಡ್ಡ ಸ್ಪೀಕರುಗಳನ್ನು ತಂದೆ. ಒಂದು ಆಂಪ್ಲಿಫೈಯರ್ ನಾನೇ ಕೂಡಿಸಿದೆ. ಪೆಟ್ಟಿಗೆ ಮಾಡುವುದಕ್ಕೆ ಲೆಕ್ಕ ಬೇಕು, ಒಳ್ಳೆಯ ಪ್ಲೈವುಡ್ ಬೇಕು. ಒಂದು ಹಳೆಯ ಪತ್ರಿಕೆಯಲ್ಲಿ ಪೆಟ್ಟಿಗೆಯೇ ಬೇಡ ಎನ್ನುವ ಇನ್ನೊಂದು ಬಗೆಯನ್ನು ಓದಿದ್ದೆ. ಬರೀ ಹಲಗೆ, ಅದಕ್ಕೊಂದು ತೂತು, ತೂತಿಗೆ ಸ್ಪೀಕರು. ಹಿಂಬದಿ ಪೂರಾ ತೆರೆದೇ ಇರುತ್ತದೆ. ಓಪನ್ ಬ್ಯಾಫಲ್ ಅಂತ ಅದರ ಹೆಸರು. ಸೋಮಾರಿಗಳಿಗಾಗಿಯೇ ಯಾರೋ ಕಂಡುಹಿಡಿದಿರಬೇಕು ಅನ್ನಿಸಿತು.

ಅಷ್ಟು ಸುಲಭವೇನೂ ಇರಲಿಲ್ಲ. ಸ್ಪೀಕರಿನ ಕಾಗದ ಮುಂದಕ್ಕೆ ಎಷ್ಟು ಗಾಳಿ ನೂಕುತ್ತದೋ ಹಿಂದಿನಿಂದ ಅಷ್ಟೇ ಎಳೆದುಕೊಳ್ಳುತ್ತದೆ. ಹಲಗೆ ಸಣ್ಣದಿದ್ದರೆ ಹಿಂದಿನ ಸದ್ದು ಅಂಚು ಸುತ್ತಿ ಮುಂದೆ ಬಂದು, ಮುಂದಿನ ಸದ್ದನ್ನೇ ನುಂಗಿಹಾಕುತ್ತದೆ. ಮೊದಲು ಪೆಟ್ಟು ತಿನ್ನುವುದು ದಪ್ಪ ದನಿ. ನಾನು ಪರೀಕ್ಷೆಗೆಂದು ಸಾಬೂನಿನ ಖೋಕಿಯ ರಟ್ಟು ಕತ್ತರಿಸಿ ಸ್ಪೀಕರು ಸಿಕ್ಕಿಸಿ, ಪಡಸಾಲೆಯಲ್ಲಿ ಒಂದು ರೆಕಾರ್ಡ್ ಹಚ್ಚಿದೆ. ಮನೆಯಲ್ಲಿ ಯಾರೂ ಇಲ್ಲ ಅಂದುಕೊಂಡಿದ್ದೆ. ಅಡಿಗೆಮನೆಯಿಂದ ದನಿ ಬಂತು.

“ಕಾರಕೂನ್ರ, ಎಡಗೈ ಎಲ್ಲಿ ಹೋತ್ರಿ? ಬಲಗೈಲಿಂದಷ್ಟ ಬಾರಿಸಾಕತ್ತಾನ ಅಂವ!”

ತಬಲಾದಲ್ಲಿ ಎಡಗೈ ನುಡಿಸುವ ಡಗ್ಗಾದ ದಪ್ಪ ದನಿ ಪೂರ್ತಿ ಮಾಯವಾಗಿದ್ದನ್ನು ಅತ್ತಿ ಹಾಗೆ ಹೇಳಿದರು. ಹಲಗೆ ದೊಡ್ಡದು ಬೇಕು, ಸಿಕ್ಕಿಲ್ಲ ಅಂದೆ. ಮಾಸ್ತರರು ಹಿತ್ತಲಿನ ಒಂದು ಹಳೆಯ ಕದ ತೋರಿಸಿದ್ದರು. ಆದರೆ ಮನೆಯ ಬಾಗಿಲಿಗೆ ತೂತು ಹಾಕುವುದು ಶುಭವಲ್ಲ ಎಂದು ಅವರ ಹೆಂಡತಿ ಅಡ್ಡಬಂದಿದ್ದರು. ಮರುದಿನ ಕಚೇರಿಗೆ ಹೊರಟಾಗ ನೋಡಿದರೆ ಕೌದಿಗಳೆಲ್ಲ ನೆಲದ ಮೇಲಿದ್ದವು, ಜೋಕಾಲಿಯ ಹಲಗೆ ನನ್ನ ಕೋಣೆಯ ಬಾಗಿಲಿಗೆ ಒರಗಿ ನಿಂತಿತ್ತು.

“ತಗೊಂಡು ಕೊಯ್ಸರಿ. ತೂಗೂದಂತೂ ಇಲ್ಲ, ಹಾಡೂದರ ಹಾಡ್ಲಿ.”

ನಾನು ಬೇಡ ಅಂದೆ, ಅವರು ಕೇಳಲಿಲ್ಲ. ಬಡಿಗರ ಅಂಗಳದಲ್ಲಿ ಗರಗಸ ಹಲಗೆಯ ನಡುವೆ ಇಳಿಯುವಾಗ ನನಗೆ ಕಸಿವಿಸಿಯಾಯಿತು. ಅತ್ತಿ ಬಂದು ನಿಂತು ನೋಡಿದರು. ‘ನೆಟ್ಟಗ ಕೊಯ್ಯೋ’ ಎಂದು ಬಡಿಗನಿಗೆ ಒಮ್ಮೆ ಗದರಿಸಿದರು.

ಹಲಗೆಗಳು ತಯಾರಾದ ದಿನ ಒಂದು ತಮಾಷೆ ನಡೆಯಿತು. ನಮ್ಮಲ್ಲಿ ಹೊಸ ಸಾಮಾನು ಮನೆಗೆ ಬಂದರೆ ಅದಕ್ಕೊಂದು ಮರ್ಯಾದೆ ಇರುತ್ತದೆ. ಮಾಸ್ತರರು ಎರಡಕ್ಕೂ ವಿಭೂತಿ, ಕುಂಕುಮ ಹಚ್ಚಿ, ಹೂ ಏರಿಸಿ, ದೇವರ ಪಟಗಳ ಕೆಳಗೆ ಗೋಡೆಗೆ ಒತ್ತಿ ಇಟ್ಟುಬಿಟ್ಟರು. ಬೆನ್ನು ಬಯಲಾಗಿರುವ ವಸ್ತುವನ್ನು ಮನೆಯ ನಡುವೆ ನಿಲ್ಲಿಸುವುದು ಅವರ ಕಲ್ಪನೆಗೂ ಬರಲಿಲ್ಲ. ರೆಕಾರ್ಡ್ ಹಚ್ಚಿದರೆ ಗಾಯಕ ಬಾವಿಯೊಳಗೆ ಇಳಿದಿದ್ದ. ಹಿಂದೆ ಜಾಗ ಬೇಕು, ಇವು ಉಸಿರಾಡುವುದೇ ಹಿಂದೂ ಮುಂದೂ ಎಂದು ನಾನು ಬಾಯಿ ನೋಯುವಷ್ಟು ಹೇಳಿದೆ. ಪಡಸಾಲೆಯಲ್ಲಿ ಮುಂದಕ್ಕೆ ಎಳೆದರೆ ಮಂದಿಗೆ ಕೂಡಲು ಜಾಗವಿಲ್ಲ. ಕೊನೆಗೆ ಪಡಸಾಲೆಗೂ ನಡುಮನೆಗೂ ನಡುವೆ ಇದ್ದ ಕಂಬಗಳ ಸಾಲಿನಲ್ಲಿ, ಪರದೆ ಸರಿಸಿ, ಕಂಬಗಳ ಸಂದಿಗೆ ಒಂದೊಂದು ಹಲಗೆ ನಿಲ್ಲಿಸಿದೆ.

ಅವತ್ತು ಡಗ್ಗಾ ಬಂತು. ತಂಬೂರಿ ಬಂತು. ಹಾಡುವವರು ಉಸಿರು ತೆಗೆದುಕೊಳ್ಳುವುದು ಕೇಳಿಸಿತು. ನಾನು ಸಂತೋಷದಿಂದ ಹೆಚ್ಚೂಕಡಿಮೆ ಕುಣಿದೆ.

ಆದರೆ ಏನಾಗಿತ್ತು ಎಂಬುದು ಮುಂದಿನ ರವಿವಾರವೇ ತಿಳಿದದ್ದು. ಹಲಗೆಗಳ ಮುಂದೆ ಎಷ್ಟು ಹಾಡು ಇತ್ತೋ ಹಿಂದೆಯೂ ಅಷ್ಟೇ ಇತ್ತು. ನಡುಮನೆಯಲ್ಲಿ ಮೊರದ ತುಂಬ ಜೋಳ ಇಟ್ಟುಕೊಂಡು ಹಸನು ಮಾಡುತ್ತ ಕೂತ ಅತ್ತಿಗೆ, ಪಡಸಾಲೆಯ ಗಂಡಸರಿಗೆ ಕೇಳಿಸಿದ್ದೆಲ್ಲ ಒಂದೂ ಬಿಡದೆ ಕೇಳಿಸುತ್ತಿತ್ತು. ಇಷ್ಟು ವರ್ಷ ಪರದೆ ದಾಟಿ ಬಂದದ್ದನ್ನು ಆರಿಸಿಕೊಂಡು ಕೇಳಿದವರು ಅವರು. ವೇಗದ ದ್ರುತ್ ಲಯ ನಡೆದಿತ್ತು. ಒಂದು ತಾನ್ ಸುತ್ತಿ ಸುತ್ತಿ ಸಮ್ಮಿಗೆ, ತಾಳದ ಮೊದಲ ಪೆಟ್ಟಿಗೆ, ಬರುವಷ್ಟರಲ್ಲಿ ಹಲಗೆಯ ಹಿಂದಿನಿಂದ ‘ಹಾ…’ ಎಂದು ದನಿ ಬಂತು. ಸರಿಯಾಗಿ ಸಮ್ಮಿನ ಮೇಲೆ. ಮಾಸ್ತರರ ‘ವ್ಹಾ’ ಒಂದು ಗಳಿಗೆ ಹಿಂದೆ ಬಿತ್ತು.

ಅದು ಪ್ರತಿ ವಾರ ನಡೆಯತೊಡಗಿತು. ಅತ್ತಿ ಬೇಕೆಂದು ಅನ್ನುತ್ತಿರಲಿಲ್ಲ, ಬಾಯಿಗೆ ಬರುತ್ತಿತ್ತು. ಗಂಡಸರಿಗೆ ಅಭ್ಯಾಸವಾಯಿತು. ಸಾವಕಾರರು ಈಗ ಮಾಸ್ತರರ ಮುಖ ನೋಡುವುದನ್ನು ಬಿಟ್ಟು ಹಲಗೆಯ ಕಡೆ ಕಿವಿ ಕೊಡುತ್ತಿದ್ದರು. ಒಳಗಿನಿಂದ ‘ಹಾ’ ಬಂದ ಮೇಲೆ ಹೊರಗೆ ‘ವ್ಹಾ ವ್ಹಾ’. ನನಗೆ ನಗು ತಡೆಯುವುದೇ ಕೆಲಸವಾಯಿತು. ಮಾಸ್ತರರು ನಗಲಿಲ್ಲ. ಅವರ ಬೈಠಕ್ಕು ಅವರ ಕೈ ಬಿಟ್ಟು ಹಲಗೆಯ ಆಚೆಗೆ ಸರಿಯುತ್ತಿತ್ತು.

ಒಂದು ದಿನ ಮಾಸ್ತರರು ಅಡಿಗೆಮನೆಯ ಹೊರಗೆ ನನ್ನನ್ನು ನಿಲ್ಲಿಸಿ ಅಂದರು. “ಹಿಂದ ಹೋಗೋ ಆವಾಜೆಲ್ಲಾ ದಂಡ ಆಗಾಕತ್ತೈತ್ರಿ. ಹಿಂದ ಪೆಟಗಿ ಹೊಡದುಬಿಡ್ರಿ, ಬಂದೋಬಸ್ತ್ ಆಗ್ತೈತಿ.”

ಪೆಟ್ಟಿಗೆಯ ಲೆಕ್ಕವೇ ಬೇರೆ, ಈ ಸ್ಪೀಕರುಗಳಿಗೆ ಅದು ಒಗ್ಗುವುದಿಲ್ಲ ಎಂದೆಲ್ಲ ನಾನು ಹೇಳಿದೆ. ಅವರು ಕೇಳುವ ಹವಣಿಕೆಯಲ್ಲಿ ಇರಲಿಲ್ಲ. ಮನೆಯ ಮಾಲಕರು, ನಾನು ಬಾಡಿಗೆಯವನು. ಅಷ್ಟರಲ್ಲಿ ಅತ್ತಿ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು.

“ಹಲಗಿ ನಂದು. ಅದರ ಬೆನ್ನು ಮುಚ್ಚೂದಿದ್ರ, ಮೊದಲ ಎರಡೂ ಕೂಡಿಸಿ ನನ್ನ ಜೋಕಾಲಿ ನನಗ ಕೊಡು.”

ಮಾಸ್ತರರು ತಲೆ ತಗ್ಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು. “ಹೊರಗ ಬಂದು ಕುಂಡ್ರಕ್ಕಾ, ಯಾರು ಬ್ಯಾಡ ಅಂತಾರ? ಒಳಗ ಕುಂತು ಒದರಬ್ಯಾಡ ಅಷ್ಟ” ಅಂದರು.

ಮುಂದಿನ ರವಿವಾರ ಪಡಸಾಲೆಯ ಪಕ್ಕದಲ್ಲಿ, ಕೊನೆಯ ಕಂಬದ ಹತ್ತಿರ, ಒಂದು ಬೇರೆ ಚಾಪೆ ಬಿತ್ತು. ಗಂಡಸರ ಎದುರಿಗೆ ಅಲ್ಲ, ಅವರ ಸಾಲಿನಲ್ಲೂ ಅಲ್ಲ, ಹಲಗೆಗಳ ಅಂಚಿನ ನೇರಕ್ಕೆ. ಅತ್ತಿ ಒಗೆದ ಇಳಕಲ್ಲ ಸೀರೆ ಉಟ್ಟು, ಸೆರಗು ಹೊದ್ದು ಬಂದು ಕೂತರು. ಎಲ್ಲರೂ ಕೈ ಮುಗಿದರು. ಸಾವಕಾರರು ಒರಗಿದ್ದವರು ನೆಟ್ಟಗಾದರು. ರೆಕಾರ್ಡ್ ಹತ್ತಿತು.

ಆ ಬಗೆಯ ಸ್ಪೀಕರಿಗೆ ಒಂದು ಗುಣವಿದೆ. ಮುಂದೆ ಹಾಡುತ್ತದೆ, ಹಿಂದೆ ಹಾಡುತ್ತದೆ, ಅಂಚಿನ ನೇರಕ್ಕೆ ಮಾತ್ರ ಎರಡೂ ಕಡೆಯ ಸದ್ದು ಎದುರುಬದುರಾಗಿ ಒಂದನ್ನೊಂದು ಕೊಂದುಹಾಕುತ್ತವೆ. ಹಲಗೆ ಸರಿಸುವಾಗ ಎಷ್ಟೋ ಸಲ ನಾನು ಅಲ್ಲಿ ನಿಂತು ನೋಡಿದ್ದೆ. ಇಡೀ ಮನೆಯಲ್ಲಿ ಹಾಡು ಸತ್ತುಹೋಗುವ ಜಾಗ ಅದೊಂದೇ. ಅತ್ತಿಗೆ ಗೌರವದಿಂದ ಚಾಪೆ ಹಾಸಿದ್ದು ಅಲ್ಲೇ! ಮಂದಿಯ ನಡುವೆ ಎದ್ದು ಇದನ್ನು ಹೇಗೆ ಹೇಳುವುದು? ಅತ್ತಿ ಮೊದಲು ತಲೆ ಸ್ವಲ್ಪ ವಾಲಿಸಿದರು, ಮುಂದಕ್ಕೆ ಬಾಗಿದರು, ಆಮೇಲೆ ಬಾಗುವುದನ್ನೂ ಬಿಟ್ಟು ಕೈ ಮಡಚಿಕೊಂಡು ಕೂತರು. ಇಡೀ ಬೆಳಗು ‘ಹಾ’ ಅನ್ನಲಿಲ್ಲ. ಅವರಿಗಾಗಿ ಕಾದು ಗಂಡಸರೂ ಸುಮ್ಮನಿದ್ದರು. ನನಗೆ ಅಷ್ಟು ಸಂಕಟವಾದ ಬೈಠಕ್ ಇನ್ನೊಂದಿಲ್ಲ.

ಮರುವಾರ ಚಾಪೆ ಬಿತ್ತು, ಅತ್ತಿ ಬರಲಿಲ್ಲ. ಚಹಾ ಇಸಿದುಕೊಳ್ಳಲು ಹೋದಾಗ ಮೆಲ್ಲಗೆ ಕೇಳಿದೆ.

“ಅಲ್ಲಿ ಮರ್ಯಾದಿ ಐತ್ರಿ ಕಾರಕೂನ್ರ, ಹಾಡಿಲ್ಲ” ಅಂದರು.

ಚಾಪೆಯನ್ನು ಮುಂದೆ, ಗಂಡಸರ ಸಾಲಿಗೆ ಹಾಕಿಸಲೇ ಅಂದೆ. ಅವರು ನಕ್ಕರು. “ಮುಂದ ಕುಂತ್ರ ಸಾವಕಾರ್ರಿಗೆ ಕಾಲು ಚಾಚಾಕ ಬರೂದಿಲ್ಲ, ಬರೂದ ಬಿಡ್ತಾರ. ಬೈಠಕ್ ಹೋದ್ರ ನನ್ನ ತಮ್ಮ ಏನ್ ಮಾಡ್ಬೇಕ್ರಿ?”

ಹಾಗೆ ಹೇಳಿ ಜೋಳದ ಮೊರ ಎತ್ತಿಕೊಂಡು ಹಲಗೆಯ ಹಿಂದೆ ಹೋಗಿ ಕೂತರು. ಅವತ್ತು ಅವರ ‘ಹಾ’ ಹಿಂದಿಗಿಂತ ಜೋರಾಗಿಯೇ ಬಂತು. ಮಾಸ್ತರರು ಒಮ್ಮೆ ಹಲಗೆಯ ಕಡೆ ನೋಡಿದರು. ಪೆಟ್ಟಿಗೆಯ ಮಾತು ಮತ್ತೆ ಬರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ರವಿವಾರ, ಅತ್ತಿ ಕೂಡುವ ಕಡೆಗೂ ನೋಡಿ ನಾನು ಹಲಗೆ ಸರಿಸಿ ಇಡುತ್ತಿದ್ದೆ.

ಎಂಬತ್ತರ ದಶಕ ಶುರುವಾದ ಮೇಲೆ ನನಗೆ ಶಿರಹಟ್ಟಿಗೆ ವರ್ಗವಾಯಿತು. ಮದುವೆ, ಮಕ್ಕಳು, ಮುಂಡರಗಿಗೆ ಇನ್ನೊಂದು ವರ್ಗ… ಗದಗಿಗೆ ಹೋದಾಗ ಒಂದೆರಡು ಸಲ ಕಂಡು ಬಂದೆ. ಮನೆಮನೆಗೆ ಟೇಪ್ ರೆಕಾರ್ಡರ್ ಬಂದಿತ್ತು, ಬೈಠಕ್ಕಿಗೆ ಬರುವವರು ಕಡಿಮೆಯಾಗಿದ್ದರು. ಆಮೇಲೆ ಯಾರೋ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು, ಮಾತಿನ ನಡುವೆ, ‘ಅತ್ತಿ ಹೋದ್ರಲ್ಲ, ಖಬರ ಇಲ್ಲೇನ?’ ಅಂದರು. ಇರಲಿಲ್ಲ. ಬಸ್ಸು ಬಂತು, ಹತ್ತಿದೆ. ಆ ಹಲಗೆಗಳು ಏನಾದವೋ ಗೊತ್ತಿಲ್ಲ.

ಇಷ್ಟನ್ನು ಬರೆದು ಸುಮ್ಮನಾಗುತ್ತಿದ್ದೆನೇನೋ. ಹೋದ ವಾರ ಒಂದು ಫೋನ್ ಬಂತು. ಮಾಸ್ತರರ ಮೊಮ್ಮಗಳು, ಧಾರವಾಡದಲ್ಲಿ ಹಾಡು ಕಲಿಯುತ್ತಿದ್ದಾಳೆ. ನನ್ನ ನಂಬರು ಹೇಗೋ ಹುಡುಕಿದ್ದಳು.

“ನಮ್ಮ ಅಜ್ಜಾರ ಅಕ್ಕ ಭಾಳ ಛಲೋ ಹಾಡತಿದ್ರಂತಲ್ರಿ. ನೀವು ಅದ ಮನ್ಯಾಗ ಇದ್ರಂತ. ಅವರ ದನಿ ಹೆಂಗಿತ್ರಿ? ನನ್ನಂಗ ದಪ್ಪ ಇತ್ತೇನ್ರಿ?”

ಅವರು ಹೇಗೆ ಕೇಳುತ್ತಿದ್ದರು ಎಂಬುದನ್ನು ನಾನು ಹೇಳಬಲ್ಲವನಾಗಿದ್ದೆ. ಜೋಳ ಹಸನು ಮಾಡುವ ಬೆರಳು ಎಲ್ಲಿ ನಿಲ್ಲುತ್ತಿತ್ತು, ‘ಹಾ’ ಎಷ್ಟು ಸರಿಯಾಗಿ ಬೀಳುತ್ತಿತ್ತು, ಎಲ್ಲ ಹೇಳಬಲ್ಲವನಾಗಿದ್ದೆ. ಆಕೆ ಕೇಳಿದ್ದು ಅದನ್ನಲ್ಲ. “ಇಲ್ಲವ್ವಾ, ನಾ ಕೇಳಿಲ್ಲ” ಅಂದೆ. ಕೇಳಿದವರು ಯಾರಾದರೂ ಇದ್ದಾರೆಯೇ ಎಂದಳು. ಮಾಸ್ತರರಿಲ್ಲ, ಗವಾಯಿಗಳಿಲ್ಲ, ಲಕ್ಷ್ಮೇಶ್ವರದ ಆ ಮನೆಯವರೂ ಈಗ ಯಾರೂ ಇಲ್ಲ.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅದೇ ತಲೆಯಲ್ಲಿ ಉಳಿಯಿತು. ಅತ್ತಿಗೆ ಹಾಡು ಸರಿಯಾಗಿ ಕೇಳಿಸಲಿ ಎಂದು ಆ ಹಲಗೆಗಳನ್ನು ನಾನು ಎಷ್ಟು ಸಲ ಸರಿಸಿ ಇಟ್ಟೆನೋ ಲೆಕ್ಕವಿಲ್ಲ. ಅಷ್ಟು ರವಿವಾರಗಳಲ್ಲಿ ಒಂದು ದಿನವಾದರೂ, ‘ಅತ್ತಿ, ಈಗ ನೀವು ಒಂದು ಹಾಡ್ರಿ’ ಎಂದು ಆ ಮನೆಯಲ್ಲಿ ಯಾರೂ ಅನ್ನಲಿಲ್ಲ.