ಅರ್ಧ ಸಂಕದ ಭರವಸೆ

ಗೆಳೆಯರೇ, ಇವತ್ತು ಗೋಣಿಬೀಡಿನ ಹತ್ತಿರದ ನಮ್ಮೂರಿಗೆ ಅಭ್ಯರ್ಥಿಯೊಬ್ಬರು ವೋಟು ಕೇಳಲು ಬಂದಿದ್ದರು. ನೆರೆಮನೆಯ ರುದ್ರಣ್ಣನ ವೋಟು ಹಳ್ಳದ ಈಚೆ, ಮೂಡಿಗೆರೆ ಕ್ಷೇತ್ರದಲ್ಲಿ. ಕಾಫಿ ತೋಟ ಆಚೆ, ಪಕ್ಕದ ಕ್ಷೇತ್ರದಲ್ಲಿ. ನಡುವೆ ದಾಟಲು ಮರದ ಕಾಲುಸಂಕ, ಅಂದರೆ ಕಿರುಸೇತುವೆ. ಕಾಫಿ ಮೂಟೆ ಹೊತ್ತು ದಾಟುವಾಗ ಅದು ತೊಟ್ಟಿಲಿನಂತೆ ತೂಗುತ್ತದೆ.

"ಸಿಮೆಂಟಿನ ಸಂಕ ಬೇಕಿತ್ತು ಸಾರ್" ಎಂದ ರುದ್ರಣ್ಣ.

"ನಮ್ಮ ಕಡೆ ಅರ್ಧ ಖಂಡಿತ ಮಾಡಿಸ್ತೀನಿ. ಆಚೆ ಅರ್ಧ ಅವ್ರನ್ನ ಕೇಳಿ" ಎಂದ ಅಭ್ಯರ್ಥಿ, ಗಡಿ ತೋರಿಸಲು ಸಂಕದ ನಡುವಿಗೆ ಹೋಗಿ, ಜಾರಿ ಆಚೆ ಬದಿಗೆ ಬಿದ್ದರು. ಸೊಂಟದವರೆಗೂ ನೀರು.

ರುದ್ರಣ್ಣ ಕದಲಲಿಲ್ಲ. "ನೀವು ಬಿದ್ದಿದ್ದು ಪಕ್ಕದ ಕ್ಷೇತ್ರಕ್ಕೆ ಸಾರ್. ಅಲ್ಲಿಯವ್ರಿಗೆ ಹೇಳಿ ಕಳಿಸ್ಲಾ?"

"ಪೂರ್ತಿ ಸಂಕ ಮಾಡಿಸ್ತೀನಿ, ಎಳೀರಿ ಮಾರಾಯ್ರೆ!"

ಕ್ಷೇತ್ರ ಪುನರ್ವಿಂಗಡಣೆಗೆ ಆಯೋಗವೇ ಬೇಕು ಅಂದುಕೊಂಡಿದ್ದೆ. ಒಂದು ಹಳ್ಳ ಸಾಕಾಯಿತು.