ಕೆಳಗಿನ ದೇಶದ ಮಾತು

ಚಾಕ್‌ಪೀಸ್ ಹಿಡಿದಾಗ ಮೇಡಂ ಅವರ ಬಲಗೈಯ ಕಿರುಬೆರಳು ಉಳಿದ ಬೆರಳುಗಳ ಜೊತೆ ಮಡಚುತ್ತಿರಲಿಲ್ಲ. ಎಂದೋ ಮುರಿದು ಕಡ್ಡಿಯಂತೆ ನೆಟ್ಟಗಾಗಿತ್ತು. ನಕಾಶೆ ನೋಡದೆಯೇ ಬೋರ್ಡಿನ ಮೇಲೆ ಏಷ್ಯಾ ಖಂಡ ಬರೆಯುತ್ತಿದ್ದರು. ಮುಗಿಸುವಷ್ಟರಲ್ಲಿ ಆ ಬೆರಳು ತಾಗಿ ಶ್ರೀಲಂಕಾ ಅಳಿಸಿಹೋಗಿರುತ್ತಿತ್ತು. "ಹೋತು ನೋಡ್ರಿ ಮತ್ತ," ಎಂದು ತಾವೇ ನಕ್ಕು ಪುನಃ ಬರೆಯುತ್ತಿದ್ದರು.

ಗಂಗಾವತಿಯ ನಮ್ಮ ಕಾಲೇಜಿನಲ್ಲಿ ಅವರು ಅತಿಥಿ ಉಪನ್ಯಾಸಕಿ. ಬಿ.ಎ. ಓದುತ್ತಿದ್ದ ನಮಗೆ ಅಂತಾರಾಷ್ಟ್ರೀಯ ಸಂಬಂಧಗಳ ಪತ್ರಿಕೆ ಕಲಿಸುತ್ತಿದ್ದರು. ಅತಿಥಿಗಳನ್ನು ಪ್ರತಿವರ್ಷ ಹೊಸದಾಗಿ ಕರೆಯಬೇಕು. ಕರೆಯದಿದ್ದರೆ ಯಾಕೆಂದು ಕೇಳುವ ಹಾಗಿಲ್ಲ. ಅವರ ಊರು ಕುಕನೂರಿನಿಂದ ಕೊಪ್ಪಳಕ್ಕೊಂದು ಬಸ್ಸು, ಅಲ್ಲಿಂದ ಗಂಗಾವತಿಗೆ ಇನ್ನೊಂದು. ಆದರೂ ಮೊದಲ ಪಾಠಕ್ಕೆ ತಡವಾಗಿ ಬರುತ್ತಿದ್ದವರು ಊರಲ್ಲೇ ಇದ್ದ ನಾವು.

ಅವರದೊಂದು ಪದ್ಧತಿ ಇತ್ತು. ಸೆಮಿಸ್ಟರ್ ಶುರುವಿನಲ್ಲಿ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ದೇಶ ಕೊಡುತ್ತಿದ್ದರು. ಹಾಜರಿಯೂ ಅದೇ ಹೆಸರಿನಲ್ಲಿ.

"ನೇಪಾಳ?"

"ಬಂದೀನ್ರಿ."

"ಅಮೆರಿಕ?"

"ಅಮೆರಿಕ ಕಾರಟಗಿಗೆ ಮದುವಿಗೆ ಹೋಗ್ಯಾನ್ರಿ, ಮೇಡಂ."

ಎದ್ದು ಮಾತಾಡುವಾಗ "ನಮ್ಮ ದೇಶ" ಎಂದೇ ಆರಂಭಿಸಬೇಕು. "ಅವರು ಮಾಡೋದು ಸರಿ ಅನ್ನಬ್ಯಾಡ್ರಿ, ತಪ್ಪೂ ಅನ್ನಬ್ಯಾಡ್ರಿ. ಯಾಕ ಹಂಗ ಮಾಡ್ತಾರ, ಅದನ್ನಷ್ಟ ಹೇಳ್ರಿ," ಎನ್ನುತ್ತಿದ್ದರು.

ನನ್ನ ಚೀಟಿಯಲ್ಲಿ ಪಾಕಿಸ್ತಾನ ಇತ್ತು. "ಇದು ಬ್ಯಾಡ್ರಿ, ಭೂತಾನ ಕೊಡ್ರಿ," ಎಂದೆ. ಹಿಂದಿನ ಬೆಂಚಿನವರು ಕಿಸಕ್ಕನೆ ನಕ್ಕರು.

"ನಿಮ್ಮ ಹೊಲ ಎಲ್ಲೈತವಾ?" ಎಂದು ಮೇಡಂ ಕೇಳಿದರು.

"ಕಾಲುವಿ ಕೊನೀಗೈತ್ರಿ."

"ಮ್ಯಾಲಿನ ಹೊಲದವರು ನೀರು ಕಟ್ಟಿಕೊಂಡ್ರ ನಿಮ್ಮಪ್ಪ ಏನ್ ಮಾಡ್ತಾನ?"

"ಬೈತಾನ್ರಿ."

"ಆ ಬೈಗಳೊಳಗಿನ ನ್ಯಾಯ ಏನೈತಿ, ಅಷ್ಟ ಬರಕೊಂಡು ಬಾ. ಬೈಗಳ ಮನ್ಯಾಗ ಬಿಟ್ಟು ಬಾ."

ಸಿಂಧೂ ನದಿ ಒಪ್ಪಂದದ ಸುದ್ದಿ ಟಿವಿಯಲ್ಲಿ ದಿನವೂ ಕಿರುಚಾಡುತ್ತಿದ್ದ ಕಾಲ ಅದು. ನಾನು ಹಾಳೆ ಹರಿದು ಹರಿದು ಬರೆದೆ. ಕೊನೆಗೆ ಉಳಿದದ್ದು ಇಷ್ಟು: "ನಮ್ಮ ದೇಶ ಪಾಕಿಸ್ತಾನ. ನದಿಯ ನೀರು ನಮಗೆ ಬೇಕು. ನೀರಿಗಿಂತ ಹೆಚ್ಚಾಗಿ, ನಾಳೆಯೂ ಬರುತ್ತದೆಂಬ ನಂಬಿಕೆ ಬೇಕು. ಕೆಳಗಿನವನು ಪ್ರತಿದಿನ ಎದ್ದು ಮೇಲಿನವನ ಮುಖ ನೋಡಬೇಕಾದರೆ ಅವರಿಬ್ಬರ ನಡುವೆ ಒಪ್ಪಂದ ಇದೆ ಎನ್ನಲಾಗದು." ತರಗತಿಯಲ್ಲಿ ಎದ್ದು ನಿಂತು ಅದನ್ನು ಓದಿದೆ. ಭಾರತವಾಗಿದ್ದ ಹುಡುಗ ಎದ್ದು ಒಳ್ಳೆಯ ಉತ್ತರವನ್ನೇ ಕೊಟ್ಟ. ಜೀವನದಲ್ಲಿ ನಾನು ಬರೆದ ಮೊದಲ ನಿಜವಾದ ಮಾತು ಅದು ಎಂದು ಈಗಲೂ ಅನಿಸುತ್ತದೆ. ಇಷ್ಟಪಟ್ಟದ್ದನ್ನು ನೆನಪು ದೊಡ್ಡದು ಮಾಡುತ್ತದೆ, ಅದೂ ಗೊತ್ತು.

ಸಹಪಾಠಿಯೊಬ್ಬ ನಾನು ಓದಿದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿದ್ದ. ಊರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿದ್ದು ಮೊದಲ ವಾಕ್ಯ ಮಾತ್ರ. ಸಂಘಟನೆಯೊಂದರ ಶಾಲು ಹೊದ್ದ ನಾಲ್ಕಾರು ಮಂದಿ ಪ್ರಾಂಶುಪಾಲರ ಕೋಣೆಗೆ ಬಂದು ಕೂತರು. ಮೇಡಂ ಅವರನ್ನೂ ನನ್ನನ್ನೂ ಕರೆಸಿದರು.

"ಹುಡುಗಿ ತನ್ನ ಮನಸಿಗೆ ಬಂದಂಗ ಮಾತಾಡ್ಯಾಳ ಅಂತ ಬರದು ಕೊಡ್ರಿ ಮೇಡಂ," ಎಂದರು ಪ್ರಾಂಶುಪಾಲರು. "ಆಕಿನ್ನ ತೆಗದು ಹಾಕ್ತೀವಿ. ನಿಮಗೇನೂ ಆಗಂಗಿಲ್ಲ."

"ನಾನ ಬರದೀನ್ರಿ," ಎಂದೆ. "ಪೂರ್ತಿ ಓದ್ತೀನಿ, ಕೇಳ್ರಿ."

ಶಾಲಿನವರಲ್ಲೊಬ್ಬ ನಕ್ಕ. "ಕಾಲುವಿ ಕೊನೀ ಹೊಲದಾಂವನ ಮಗಳು ಇದನ್ನ ಬರೀತಾಳಂತ! ಯಾರೋ ಕಲಿಸ್ಯಾರ."

ಆಗ ಮೇಡಂ ಹೇಳಿದರು: "ಖರೇ ಐತ್ರಿ. ಆಕಿಗೆಲ್ಲಿ ಬರ್ತೈತಿ ಇದೆಲ್ಲ? ನಾನ ಬರಸೀನಿ."

ಹಾಗೆನ್ನುವಾಗ ನನ್ನ ಕಡೆ ನೋಡಿದರೇ? ನೋಡಿದರೆಂದು ಬಹಳ ಕಾಲ ನಂಬಿದ್ದೆ. ಈಗ ಖಚಿತವಿಲ್ಲ. ನನಗೆ ಬೇಕೆಂದು ಆ ನೋಟವನ್ನು ನಾನೇ ಸೇರಿಸಿಕೊಂಡಿರಬಹುದು. ಸಿಟ್ಟು ಬಂದಿತ್ತು, ಅದಂತೂ ನಿಜ. ನಕ್ಕವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಮೇಡಂ ಮೇಲೆ ಬಂದಿತ್ತು.

ಮುಂದಿನ ವರ್ಷ ಅವರನ್ನು ಕರೆಯಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರ ಡಬ್ಬಿಯ ಬುತ್ತಿ ಹಂಚಿಕೊಂಡು ತಿಂದಿದ್ದವರಲ್ಲಿ ಒಬ್ಬರೂ ತುಟಿ ಬಿಚ್ಚಲಿಲ್ಲ. ಬದಲಿಗೆ ಬಂದವರು ನೋಟ್ಸ್ ಬರೆಸಿದರು. ದೇಶಗಳೆಲ್ಲ ಮತ್ತೆ ರೋಲ್ ನಂಬರ್‌ಗಳಾದವು.

ಡಿಗ್ರಿ ಕೈಗೆ ಬಂದ ಮೇಲೆ ಕುಕನೂರಿಗೆ ಹೋದೆ. ಅವರು ಖಾಸಗಿ ಶಾಲೆಯೊಂದರಲ್ಲಿ ಐದನೇ ತರಗತಿಗೆ ಪಾಠ ಹೇಳುತ್ತಿದ್ದರು. ಕೂರುವ ಮೊದಲೇ ಕೇಳಿದೆ: "ಆಕಿಗೆಲ್ಲಿ ಬರ್ತೈತಿ ಅಂದ್ರೆಲ್ಲ, ಯಾಕ್ರಿ?"

"ಹಂಗಂದಿದ್ದಕ್ಕ ನಿನ್ನ ಡಿಗ್ರಿ ಉಳೀತು."

"ನನಗ ಡಿಗ್ರಿ ಅಷ್ಟ ಬೇಕಾಗಿದ್ದಿಲ್ರಿ. ಅದು ನನ್ನ ಮಾತಿತ್ತು."

"ಗೊತ್ತೈತಿ. ಭಾಳ ಛಲೋ ಬರದಿದ್ದಿ. ನಂದಂತ ಹೇಳಾಕ ನನಗೂ ನಾಚಿಕಿ ಬಂತು." ಕುರ್ಚಿಯೊಂದನ್ನು ನನ್ನತ್ತ ಸರಿಸಿ, "ನಿನಗ ಬರಂಗಿಲ್ಲಂತ ಅವರು ಅಷ್ಟ ಸಲೀಸಾಗಿ ನಂಬಿಬಿಟ್ರಲ್ಲ, ಅದು ಇನ್ನೂ ಸುಡ್ತೈತಿ ನೋಡು," ಎಂದರು. ಅವರಿಗೂ ಸಿಟ್ಟಿತ್ತೆಂದು ನನಗೆ ತಿಳಿದದ್ದು ಆಗಲೇ.

ಅವರು ಉಳಿಸಿಕೊಟ್ಟ ಡಿಗ್ರಿಯಿಂದ ಇಂದು ಕೊಪ್ಪಳದಲ್ಲಿ ಸರ್ಕಾರಿ ನೌಕರಿ ಮಾಡುತ್ತಿದ್ದೇನೆ. ಪ್ರತಿ ಜೂನಿನಲ್ಲಿ ಅವರು ಈಗಲೂ ಅತಿಥಿ ಉಪನ್ಯಾಸಕಿಯಾಗಲು ಅರ್ಜಿ ಹಾಕುತ್ತಾರೆ. ಈಗಲೂ ಅವರ ಹೆಸರಿನ ಮುಂದೆ ಆ ವಿಡಿಯೋ ಅಡ್ಡ ನಿಲ್ಲುತ್ತದೆ. ಅದಕ್ಕೇ ಅಂದು ಆ ಕೋಣೆಯಲ್ಲಿ ಯಾರೂ ನಂಬದ ಮಾತನ್ನು ಅಚ್ಚಿನಲ್ಲಿ ಹೇಳುತ್ತಿದ್ದೇನೆ: ಅದನ್ನು ಬರೆದವಳು ನಾನು, ಅವರಲ್ಲ. ಕೇಳುವುದಿದ್ದರೆ ನನ್ನನ್ನು ಕೇಳಿರಿ. ಅವರನ್ನು ಪಾಠಕ್ಕೆ ಕರೆಯಿರಿ.